ಪ್ರತಿಕ್ರಿಯೆ: ಕರೆಂಟ್ ಇಳಿದದ್ದು ಸ್ಟ್ರೈನ್‌ನಿಂದಲೇನಾ?
ತುಮಕೂರಿನ ಲ್ಯಾಬ್‌ನಿಂದ ಕೇಳಿದವರಿಗೆ: ಲ್ಯಾಂಥನಮ್ ನಿಕಲೇಟ್‌ನ ತೆಳು ಫಿಲ್ಮ್, ಎಲ್‌ಎಒ (ಲ್ಯಾಂಥನಮ್ ಅಲ್ಯುಮಿನೇಟ್) ತಳಕ್ಕಿಂತ ಎಸ್‌ಟಿಒ (ಸ್ಟ್ರಾನ್ಷಿಯಂ ಟೈಟನೇಟ್) ತಳದ ಮೇಲೆ ಕಡಿಮೆ ಆಕ್ಸಿಜನ್-ಬಿಡುಗಡೆ ಕರೆಂಟ್ (ನೀರಿನಿಂದ ಆಕ್ಸಿಜನ್ ಬಿಡಿಸುವಾಗ ಹರಿಯುವ ಕರೆಂಟ್) ಕೊಡುವುದು ಸ್ಟ್ರೈನ್‌ನಿಂದಲೇ, ಅಂದರೆ ತಳದ ಹರಳು ಫಿಲ್ಮನ್ನು ಒತ್ತುವ ಇಲ್ಲವೇ ಎಳೆಯುವುದರಿಂದಲೇ ಅಂತ ಈಗಲೇ ಬರೆದುಬಿಡಬೇಡಿ. ಫಿಲ್ಮ್‌ನ ಲ್ಯಾಟಿಸ್ (ಹರಳಿನಲ್ಲಿ ಮರುಕಳಿಸುವ ಅಳತೆ) 3.84 ಆಂಗ್‌ಸ್ಟ್ರಾಂ, ಎಲ್‌ಎಒ 3.79, ಎಸ್‌ಟಿಒ 3.905. ಎಲ್‌ಎಒ ಫಿಲ್ಮನ್ನು ಸುಮಾರು 1.3% ಒತ್ತುತ್ತದೆ, ಎಸ್‌ಟಿಒ 1.7% ಎಳೆಯುತ್ತದೆ. ಎಳೆತ ಇದ್ದಲ್ಲಿ ಆಕ್ಸಿಜನ್ ಖಾಲಿಜಾಗಗಳೂ (ಹರಳಿನಲ್ಲಿ ಆಕ್ಸಿಜನ್ ಇಲ್ಲದ ಸ್ಥಾನಗಳು) ಸುಲಭವಾಗಿ ಹುಟ್ಟುತ್ತವೆ; ಕರೆಂಟ್ ಇಳಿಸಿದ್ದು ಇವೆರಡರಲ್ಲಿ ಯಾವುದು ಅನ್ನುವ ತೊಡಕಿರುವುದೇ ಇಲ್ಲಿ.

ಬೆಂಗಳೂರಿಗೆ ಎಕ್ಸ್‌ಆರ್‌ಡಿಗೆ (ಎಕ್ಸ್-ರೇಯಿಂದ ಹರಳಿನ ರಚನೆ ಅಳೆಯಲು) ಕಳಿಸುವಾಗ, ಫಿಲ್ಮ್‌ಗೆ ಲಂಬವಾದ ಅಳತೆಯನ್ನಷ್ಟೇ ಕೊಡುವ ತೀಟಾ-2ತೀಟಾ ಸಾಲದು; ಅಡ್ಡ ಅಳತೆಯನ್ನೂ ತೋರಿಸುವ, 103 ತಲದ ರೆಸಿಪ್ರೋಕಲ್ ಸ್ಪೇಸ್ ಮ್ಯಾಪ್ ಕೇಳಿ. ಫಿಲ್ಮ್ ದಪ್ಪವಾಗಿ ಸಡಿಲಗೊಂಡು ತನ್ನದೇ ಅಳತೆಗೆ ಮರಳಿದ್ದರೆ ಸ್ಟ್ರೈನ್ ಮಾತೇ ಬೇಡ. ಆಮೇಲೆ ಅದೇ ಫಿಲ್ಮನ್ನು ಆಕ್ಸಿಜನ್‌ನಲ್ಲಿ ಅನೀಲ್ ಮಾಡಿ (ಕಾಯಿಸಿ) ಅಳೆಯಿರಿ: ಸಿ-ಅಕ್ಷ (ಫಿಲ್ಮ್‌ಗೆ ಲಂಬವಾದ ಲ್ಯಾಟಿಸ್ ಅಳತೆ) ಕುಗ್ಗಿ, ರೋಧ ಇಳಿದು, ಕರೆಂಟ್ ಏರಿದರೆ ಖಾಲಿಜಾಗಗಳ ಪಾಲು ದೊಡ್ಡದು. ಅಳತೆಗೆ ಬಳಸುವ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ದ್ರಾವಣದಲ್ಲಿರುವ ಕಬ್ಬಿಣದ ಕಲ್ಮಶವೂ ನಿಕಲ್ ಮೇಲೆ ಕೂತು ಕರೆಂಟ್ ಏರಿಸುತ್ತದೆ, ಮೊದಲು ಅದನ್ನು ತೆಗೆಯಿರಿ. ಎಸ್‌ಟಿಒ ಇನ್ಸುಲೇಟರ್, ಹಾಗಾಗಿ ಕನೆಕ್ಷನ್ ಫಿಲ್ಮ್ ಮೇಲಿಂದಲೇ ಸಿಲ್ವರ್ ಪೇಸ್ಟ್‌ನಿಂದ ಕೊಟ್ಟು, ದ್ರಾವಣ ತಾಗದಂತೆ ಆ ಪೇಸ್ಟ್ ಮೇಲೆ ಎಪಾಕ್ಸಿ ಮುಚ್ಚಿ.