ತಂತಿಗೆ ತಾಗದ ಕಮಾನು

ಸಲಹೆಗೆಂದು ನನ್ನ ಬಳಿ ಬಂದವರೊಬ್ಬರ ಕತೆ ಇದು. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ವಯಸ್ಸು 47, ಲೆಕ್ಕಪತ್ರದ ಕೆಲಸ. 39ಕ್ಕೆ ಚೆಲ್ಲೊ (ಕೂತು ನುಡಿಸುವ, ಪಿಟೀಲಿನಂಥದ್ದೇ ದೊಡ್ಡ ವಾದ್ಯ) ಕಲಿಯಲು ಶುರು ಮಾಡಿದವರು. ಹವ್ಯಾಸಿಗಳ ಆರ್ಕೆಸ್ಟ್ರಾ ಒಂದರಲ್ಲಿ ಚೆಲ್ಲೊ ವಿಭಾಗದ ಕೊನೇ ಸಾಲಲ್ಲಿ ಕೂರುತ್ತಾರೆ.

"ನಾನು ಮೋಸ ಮಾಡಿದೆ ಮೇಡಂ" ಎಂದೇ ಮಾತು ಶುರು ಮಾಡಿದರು.

ಕಾರ್ಯಕ್ರಮದಲ್ಲಿ ಸಂಗೀತ ರಚನಕಾರ ಷೂಬರ್ಟ್‌ನ 'ಅನ್‌ಫಿನಿಶ್ಡ್' ಸಿಂಫನಿ ಇತ್ತು, 1822ರದ್ದು. ಅದು ಶುರುವಾಗುವುದೇ ಚೆಲ್ಲೊ ಮತ್ತು ಅದಕ್ಕಿಂತ ದೊಡ್ಡದಾದ ಡಬಲ್ ಬೇಸ್‌ಗಳಿಂದ, ತಗ್ಗಿನ ಸ್ವರದಲ್ಲಿ, ತೀರಾ ಮೆಲ್ಲಗೆ. ಬೇರೆ ವಾದ್ಯವಿಲ್ಲ, ಅಡಗಲು ಜಾಗವೂ ಇಲ್ಲ. ಇವರ ಬಲಗೈ ನಡುಗಿತು. ಕಮಾನನ್ನು ತಂತಿಯಿಂದ ಕೂದಲೆಳೆಯಷ್ಟು ಎತ್ತಿ, ಪಕ್ಕದವರನ್ನು ನೋಡಿ ಸುಮ್ನೆ ಆಚೀಚೆ ಆಡಿಸಿದರು. ಆಮೇಲೂ ಕಷ್ಟದ ಜಾಗ ಬಂದಾಗಲೆಲ್ಲ ಅದೇ.

ಮೊದಲ ಭೇಟಿಯಲ್ಲಿ ನಾನು ನಡುಕದ ಹಿಂದೆಯೇ ಬಿದ್ದೆ. ತಪ್ಪು ನನ್ನದು. ನೋವು ಬೇರೆ ಕಡೆ ಇತ್ತು: ಅವರು ನುಡಿಸಲಿಲ್ಲ ಅಂತ ಯಾರಿಗೂ ಗೊತ್ತೇ ಆಗಿರಲಿಲ್ಲ. "ಹಾಗಾದ್ರೆ ನಾನು ಅಲ್ಲಿ ಯಾಕೆ?"

ಕೊನೇ ಸಾಲಿನ ಒಬ್ಬರಿಲ್ಲದೆಯೂ ಸಿಂಫನಿ ನಡೆಯುತ್ತೆ. ಇಲ್ಲ ಅಂತ ಸುಳ್ಳು ಹೇಳಿ ಏನು ಪ್ರಯೋಜನ? ಅಲ್ಲಿ ನಿಮಗೇನು ಸಿಗುತ್ತೆ ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. "ಬೇಸ್‌ಗಳು ನನ್ನ ಬೆನ್ನ ಹಿಂದೆ ಇರ್ತವೆ. ಅವು ನುಡಿದಾಗ ಎದೆಗೆ ಒರಗಿರೋ ಚೆಲ್ಲೊ ತಾನಾಗಿ ಕಂಪಿಸುತ್ತೆ" ಅಂದರು. ಆ ರಾತ್ರಿಯೂ ಕಂಪಿಸಿತ್ತಂತೆ.

ಸ್ವರ ಬಿಡುವುದು ಮೋಸವಲ್ಲ ಎಂದೆ. ವೇಗದ ಸಾಲು ಕೈಗೆಟುಕದಿದ್ದರೆ ಪ್ರತಿ ಬೀಟ್‌ನ ಮೊದಲ ಸ್ವರವಷ್ಟೇ ಹಿಡಿಯುವುದು ಹವ್ಯಾಸಿಗಳಲ್ಲಿ ಇದ್ದದ್ದೇ. ಆದರೆ ಎಲ್ಲಿ ಬಿಡುತ್ತೀರಿ ಅನ್ನೋದನ್ನು ಮನೆಯಲ್ಲೇ ತೀರ್ಮಾನಿಸಿ, ಸ್ವರದ ಹಾಳೆಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿ, ಅದೇ ಹಾಳೆ ನೋಡಿ ನುಡಿಸುವ ಜೊತೆಗಾರ್ತಿಗೂ ಹೇಳಿ. ಹೇಳಲು ಅವರಿಗೆ ಮೂರು ವಾರ ಹಿಡಿಯಿತು!

ನಡುಕಕ್ಕೆ ಬೇರೆ ಅಭ್ಯಾಸ. ಮನೆಯಲ್ಲಿ ಆರಾಮಾಗಿ ಕೂತು ಕಲಿತದ್ದು, ಎದೆ ಹೊಡೆದುಕೊಳ್ಳುವಾಗ ಕೈಕೊಡುತ್ತದೆ. ಅದಕ್ಕೆ ಮೆಟ್ಟಿಲು ಹತ್ತಿಳಿದು, ಏದುಸಿರು ಬಿಡುತ್ತಲೇ ಸಿಂಫನಿಯ ಮೊದಲ 8 ಬಾರ್ (ತಾಳದ ಆವರ್ತ) ನುಡಿಸಲು ಹೇಳಿದೆ. ಕಮಾನನ್ನು ಎತ್ತಿ ಹಿಡಿದಷ್ಟೂ ನಡುಕ ಜಾಸ್ತಿ, ತೋಳಿನ ಭಾರವನ್ನು ತಂತಿಗೆ ಬಿಡಬೇಕು ಅಂತ ಅವರ ಗುರುಗಳೂ ಹೇಳಿದ್ದರಂತೆ. ಗೆಳೆಯರು ಕೊಟ್ಟ, ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಗುಳಿಗೆಯೊಂದು ಜೇಬಿನಲ್ಲಿತ್ತು. ವೈದ್ಯರನ್ನು ಕೇಳದೆ ನುಂಗಬೇಡಿ ಎಂದು ಖಡಾಖಂಡಿತವಾಗಿ ಹೇಳಿದೆ. ಆಸ್ತಮಾ ಇದ್ದವರಿಗಂತೂ ಅದು ಅಪಾಯ.

ಮುಂದಿನ ಕಾರ್ಯಕ್ರಮ ಮುಗಿಸಿ ಬಂದರು. ಕೈ ನಡುಗಿತಾ ಎಂದು ಕೇಳಿದೆ.

"ನಡುಗಿತು. ಕಮಾನು ಮಾತ್ರ ತಂತಿ ಮೇಲೇ ಇತ್ತು."