ಸರ್ಕಾರಿ ಶಾಲೆಯ ಲೈಬ್ರರಿ ಪೀರಿಯಡ್‌ನಲ್ಲಿ ಮಕ್ಕಳಿಗೆ ಏನು ಮಾಡಿಸಬೇಕು?

ಹಿರಿಯ ಪ್ರಾಥಮಿಕ ಶಾಲೆಗೆ ಹೊಸದಾಗಿ ಬಂದಿದ್ದೀರಿ. ಬಂದ ಕೂಡಲೇ ಲೈಬ್ರರಿ ಚಾರ್ಜ್ ನಿಮ್ಮ ತಲೆಗೆ ಕಟ್ಟಿದ್ದಾರೆ. ಎರಡು ಬೀರು ಪುಸ್ತಕ ಇದೆ, ವಾರಕ್ಕೊಂದು ಪೀರಿಯಡ್ ಇದೆ, ಆ ಹೊತ್ತಲ್ಲಿ ಏನು ಮಾಡಿಸೋದು ಅಂತ ಕೇಳಿದ್ದೀರಿ. ಹೊಸಬರಿಗೆ ಲೈಬ್ರರಿ ಚಾರ್ಜ್ ಕೊಡೋದು ನಮ್ಮ ಇಲಾಖೆಯ ಹಳೇ ಪದ್ಧತಿ, ಬೇಜಾರು ಮಾಡಿಕೊಳ್ಳಬೇಡಿ. ನಾನೂ ಇಂಥದ್ದೇ ಶಾಲೆಯಲ್ಲಿ ವಿಜ್ಞಾನ ಟೀಚರ್, ಲೈಬ್ರರಿಯನ್ನೂ ನೋಡಿಕೊಳ್ಳುತ್ತೇನೆ. ನಮ್ಮಲ್ಲಿ ನಡೆದದ್ದನ್ನು ಹೇಳುತ್ತೇನೆ.

ಪೀರಿಯಡ್ ವಿಷಯಕ್ಕೆ ಬರುವ ಮೊದಲು ಬೀರುವಿನ ಕೀಲಿ ಕೈ ಎಲ್ಲಿದೆ ನೋಡಿ. ಎಚ್‌.ಎಂ. (ಮುಖ್ಯ ಶಿಕ್ಷಕರ) ಟೇಬಲ್ಲಿನ ಡ್ರಾಯರ್‌ನಲ್ಲಿ ಇದ್ದರೆ ಮಿಕ್ಕಿದ್ದೆಲ್ಲ ಆಮೇಲಿನ ಮಾತು. ಪುಸ್ತಕಗಳು ದಾಸ್ತಾನು ವಹಿಯಲ್ಲಿ (ಸ್ಟಾಕ್ ರಿಜಿಸ್ಟರ್) ಇರುತ್ತವೆ. ವರ್ಗಾವಣೆ ಆದಾಗ ಲೆಕ್ಕ ಒಪ್ಪಿಸಬೇಕು. ಕಳೆದರೆ ಕೈಯಿಂದ ಕಟ್ಟಬೇಕಾದೀತು ಅನ್ನೋ ಭಯ ಎಲ್ಲರಿಗೂ ಇದೆ. ಆ ಭಯಕ್ಕೇ ಎಷ್ಟೋ ಶಾಲೆಯಲ್ಲಿ ಪುಸ್ತಕ ಹೊಸದಾಗೇ ಇದ್ದು ಗೆದ್ದಲು ಹಿಡಿಯುತ್ತದೆ. ಅದಕ್ಕೆ ನಾವು ಮಾಡಿದ್ದು ಇಷ್ಟೇ. ವರ್ಷದ ಕೊನೆಗೆ ಎಣಿಸಿ, ಹರಿದದ್ದು, ಕಳೆದದ್ದು ಎಷ್ಟು ಅಂತ ಪಟ್ಟಿ ಮಾಡಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದೆ ಇಡುತ್ತೇವೆ. ನಡಾವಳಿ ಪುಸ್ತಕದಲ್ಲಿ ಬರೆಸಿ ಸಹಿ ಹಾಕಿಸುತ್ತೇವೆ. ಆಗ ಜವಾಬ್ದಾರಿ ಒಬ್ಬರ ತಲೆ ಮೇಲೆ ಉಳಿಯಲ್ಲ. ಎಚ್‌.ಎಂ. ಕೂಡ ನಿರಾಳ ಆಗುತ್ತಾರೆ.

ಅವರು ಇನ್ನೂ ಹಿಂಜರಿದರೆ ಎರಡು ವಿಷಯ ಹೇಳಿ ನೋಡಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಪ್ರತಿ ಶಾಲೆಗೂ ಲೈಬ್ರರಿ ಇರಬೇಕು, ಅದರಲ್ಲಿ ಪತ್ರಿಕೆ, ನಿಯತಕಾಲಿಕ, ಕಥೆ ಪುಸ್ತಕವೂ ಇರಬೇಕು ಅಂತ ಬರೆದಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲೆಯ ಹಂತ ನೋಡಿ ಲೈಬ್ರರಿಗೆ ಅಂತಲೇ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅವಕಾಶ ಇದೆ. ಕೊಡುವವರಿಗೇ ಗೊತ್ತು, ಮಕ್ಕಳ ಕೈಗೆ ಹೋದ ಪುಸ್ತಕ ಸವೆಯುತ್ತೆ ಅಂತ. ಬಚ್ಚಿಡೋದು ಯಾರಿಗೋಸ್ಕರ?

ಇಲ್ಲಿ ಎಸ್‌.ಆರ್‌. ರಂಗನಾಥನ್ ನೆನಪಾಗುತ್ತಾರೆ. ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಮೇಷ್ಟ್ರು ಅವರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು, ಕೊನೆಗಾಲ ಕಳೆದದ್ದು ಬೆಂಗಳೂರಿನಲ್ಲಿ. 1931ರಲ್ಲಿ ಅವರು ಬರೆದ ಐದು ಸೂತ್ರಗಳಲ್ಲಿ ಮೊದಲನೆಯದೇ ಪುಸ್ತಕ ಇರೋದು ಬಳಸೋಕೆ ಅಂತ. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಕಪಾಟಿಗೆ ಸರಪಳಿ ಹಾಕಿ ಬಿಗಿಯುತ್ತಿದ್ದ ಕಥೆಯನ್ನೂ ಅದರಲ್ಲಿ ಹೇಳಿದ್ದಾರೆ. ನಾವು ಆಗಸ್ಟ್ 12ರ ಗ್ರಂಥಪಾಲಕರ ದಿನಕ್ಕೆ ಅವರ ಫೋಟೋಗೆ ಹಾರ ಹಾಕಿ, ಭಾಷಣ ಮಾಡಿ, ಬೀರುವಿಗೆ ಮತ್ತೆ ಬೀಗ ಹಾಕುತ್ತೇವೆ.

ಸರಿ, ಬೀಗ ತೆಗೆದಿರಿ ಅಂತ ಇಟ್ಟುಕೊಳ್ಳೋಣ. ಮಕ್ಕಳ ಪುಸ್ತಕಗಳಲ್ಲಿ ಹೆಚ್ಚಿನವು 16 ಅಥವಾ 24 ಪುಟದ, ಪಿನ್ ಹೊಡೆದ ತೆಳ್ಳನೆಯ ಪುಸ್ತಕಗಳು. ಬೀರುವಿನಲ್ಲಿ ನಿಲ್ಲಿಸಿದರೆ ಹೆಸರೇ ಕಾಣಲ್ಲ, ಬರೀ ಕಾಗದದ ಅಂಚು ಕಾಣುತ್ತೆ. ಮಗು ಏನಂತ ಆರಿಸುತ್ತೆ? ಕಿಟಕಿಯಿಂದ ಕಿಟಕಿಗೆ ನೈಲಾನ್ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಪುಸ್ತಕ ನೇತು ಹಾಕಿ. ಮುಖಪುಟ ಮಕ್ಕಳ ಕಣ್ಣಿನ ಎತ್ತರಕ್ಕೆ ಬರಲಿ. ಎಲ್ಲವನ್ನೂ ಬೇಡ, ಮೂವತ್ತು ನಲವತ್ತು ಸಾಕು, ಹದಿನೈದು ದಿನಕ್ಕೊಮ್ಮೆ ಬದಲಿಸಿ. ವಿಷಯವಾರು ನಂಬರ್ ಹಾಕಿ ಜೋಡಿಸುವ ಕೆಲಸಕ್ಕೆ ಈಗಲೇ ಕೈ ಹಾಕಬೇಡಿ. ಒಂದು ಸಾಲು ಓದೋಕೆ ಬರುವವರಿಗೆ ಒಂದು ಬಣ್ಣದ ಚುಕ್ಕಿ, ಪುಟಗಟ್ಟಲೆ ಓದುವವರಿಗೆ ಇನ್ನೊಂದು. ಮೂರು ಬಣ್ಣದಲ್ಲಿ ಕೆಲಸ ಮುಗಿಯುತ್ತದೆ.

ಈಗ ಆ ನಲವತ್ತು ನಿಮಿಷ. ನಾನು ಮೊದಲ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳುತ್ತೇನೆ. ಏಳನೇ ತರಗತಿಗೂ ಅಷ್ಟೇ. ದೊಡ್ಡ ಮಕ್ಕಳಿಗೆ ಇಷ್ಟ ಆಗಲ್ಲ ಅನ್ನೋದು ಸುಳ್ಳು. ಕಥೆ ಕುತೂಹಲದ ಜಾಗಕ್ಕೆ ಬಂದಾಗ ನಿಲ್ಲಿಸಿ ಪುಸ್ತಕವನ್ನು ಹಗ್ಗಕ್ಕೆ ಸಿಕ್ಕಿಸಿಬಿಡಿ. ಅದಕ್ಕೆ ಜಗಳ ಶುರುವಾಗುತ್ತೆ, ನೋಡ್ತಾ ಇರಿ. ಆಮೇಲೆ ಅವರವರ ಪುಸ್ತಕ ಅವರೇ ಆರಿಸಿ ಓದಲಿ. ನೀವೂ ಒಂದು ಪುಸ್ತಕ ಹಿಡಿದು ಓದುತ್ತಾ ಕೂತಿರಿ. ಈ ಹೊತ್ತಲ್ಲಿ ಹಾಜರಾತಿ ತುಂಬೋದು, ಬಿಸಿಯೂಟದ ಲೆಕ್ಕ ಬರೆಯೋದು ಬೇಡ. ಮೇಷ್ಟ್ರು ರಿಜಿಸ್ಟರ್ ಬರೀತಿದ್ದರೆ ಮಕ್ಕಳಿಗೆ ಇದು ಫ್ರೀ ಪೀರಿಯಡ್ ಅಂತ ತಿಳಿದುಹೋಗುತ್ತೆ.

ಓದಿ ಮುಗಿಸಿದ ಮಗುವಿಗೆ "ಸಾರಾಂಶ ಬರಿ" ಅನ್ನಬೇಡಿ. "ಈ ಕಥೆಯ ನೀತಿ ಏನು?" ಅಂತ ಅಂತೂ ಕೇಳಲೇಬೇಡಿ. ಮುಂದಿನ ವಾರ ಆ ಮಗು ಅತಿ ತೆಳ್ಳನೆಯ ಪುಸ್ತಕ ಹುಡುಕುತ್ತೆ, ಅಷ್ಟೇ. "ಯಾರಿಗೆ ಕೊಡ್ತೀಯ ಇದನ್ನ?" ಅಂತ ಕೇಳಿ ನೋಡಿ. "ಅವನಿಗೆ ಮೇಡಂ, ಅವನು ದೆವ್ವಕ್ಕೆ ಹೆದರ್ತಾನೆ" ಅಂತ ಉತ್ತರ ಬರುತ್ತೆ, ಹಿಂದೆಯೇ ಪೂರ್ತಿ ಕಥೆ ಬರುತ್ತೆ. ಅರ್ಧಕ್ಕೆ ಬಿಟ್ಟರೆ ಬಿಡಲಿ. ಒಂದೇ ಪುಸ್ತಕವನ್ನು ನಾಲ್ಕು ವಾರ ಓದಿದರೆ ಓದಲಿ. ನಾವು ಒಂದೇ ಸಿನಿಮಾ ಎಷ್ಟು ಸಲ ನೋಡಿಲ್ಲ?

ಇನ್ನು ಏಳನೇ ತರಗತಿಗೆ ಬಂದರೂ ಸರಾಗವಾಗಿ ಓದಲು ಬಾರದ ಮಕ್ಕಳು. ಪ್ರತಿ ಶಾಲೆಯಲ್ಲೂ ಇದ್ದಾರೆ, ಮುಚ್ಚಿಡುವಂಥದ್ದೇನಿಲ್ಲ. ಸಣ್ಣವರ ಪುಸ್ತಕ ಕೊಟ್ಟರೆ ಅವರಿಗೆ ಅವಮಾನ. ಅದಕ್ಕೆ ಅವರನ್ನು ನಲಿಕಲಿಯ (ಒಂದರಿಂದ ಮೂರನೇ ತರಗತಿಯ) ಮಕ್ಕಳಿಗೆ ಕಥೆ ಓದಿ ಹೇಳೋಕೆ ಕಳಿಸುತ್ತೇನೆ. ಶುಕ್ರವಾರ ಹೇಳಬೇಕಾದ ಕಥೆಯನ್ನು ಸೋಮವಾರವೇ ಕೊಡುತ್ತೇನೆ. ನಾಲ್ಕು ದಿನ ಮನೆಯಲ್ಲಿ, ಜಗುಲಿಯಲ್ಲಿ ಅಭ್ಯಾಸ ಮಾಡಿಕೊಂಡು ಬರುತ್ತಾರೆ. ಒಂದನೇ ಕ್ಲಾಸಿನ ಮಕ್ಕಳು "ಅಣ್ಣಾ, ಇನ್ನೊಂದ್ ಸಲ" ಅಂದಾಗ ಆ ಹುಡುಗನ ಮುಖ ನೋಡಬೇಕು. ಪರಿಹಾರ ಬೋಧನೆ ಅಂತ ಬೇರೆ ಕೂರಿಸಿದಾಗ ಇಷ್ಟು ಶ್ರದ್ಧೆ ನಾನು ಕಂಡಿಲ್ಲ.

ಪುಸ್ತಕ ಕೊಡೋದು, ತಗೊಳ್ಳೋದು ಮಕ್ಕಳೇ ನೋಡಿಕೊಳ್ಳಲಿ. ಒಂದು ಉದ್ದನೆಯ ನೋಟ್‌ಬುಕ್ಕು, ಐದು ಕಾಲಂ: ತಾರೀಕು, ಪುಸ್ತಕದ ನಂಬರು, ಹೆಸರು, ಸಹಿ, ವಾಪಸ್. ನಮ್ಮಲ್ಲಿ ಆರನೇ ತರಗತಿಯ ಇಬ್ಬರು ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಾರೆ. ವಸೂಲಿಯಲ್ಲಿ ನನಗಿಂತ ಜೋರು. ಹರಿದ ಪುಟ ತಂದವರಿಗೆ ದಂಡ ಇಲ್ಲ, ಗೋಂದು ಕೊಟ್ಟು ಅಂಟಿಸೋಕೆ ಹೇಳುತ್ತಾರೆ. ದಂಡ ಅಂದರೆ ಪುಸ್ತಕ ಮನೆಗೆ ಒಯ್ಯೋದೇ ನಿಲ್ಲುತ್ತೆ.

ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದದ್ದು ಪಾಠದ ವಿಷಯ. ಲೈಬ್ರರಿ ಅಂದರೆ ಕನ್ನಡ ಮೇಷ್ಟ್ರ ಕೆಲಸ ಅಂತ ಉಳಿದವರು ಸುಮ್ನೆ ಇರುತ್ತಾರೆ. ನಾನು ಒಮ್ಮೆ ಸರೀಸೃಪಗಳ ಬಗ್ಗೆ ಹೇಳುವಾಗ, ಹಾವಿನ ಬಗ್ಗೆ ನಿಮಗೆ ಗೊತ್ತಿರೋದೆಲ್ಲ ಹೇಳಿ ಅಂದೆ. ಬೋರ್ಡು ತುಂಬಿತು. ಹಾವು ಹಾಲು ಕುಡಿಯುತ್ತೆ. ಹಸಿರು ಹಾವು ಕಣ್ಣಿಗೇ ಕುಕ್ಕುತ್ತೆ. ಕೇರೆಹಾವು ನಾಗರಹಾವಿನ ಗಂಡು. ನಾನು ಸರಿ ತಪ್ಪು ಏನೂ ಹೇಳಲಿಲ್ಲ. ಬೀರುವಿನಲ್ಲಿದ್ದ ಪ್ರಾಣಿಗಳ ಪುಸ್ತಕ, ಕಿರಿಯರ ವಿಶ್ವಕೋಶದ ಸಂಪುಟ, ಹಳೇ ವಿಜ್ಞಾನ ಪತ್ರಿಕೆಗಳನ್ನೆಲ್ಲ ತಂದು ಗುಂಪಿಗೆ ಎರಡೆರಡು ಹಂಚಿದೆ. ಷರತ್ತು ಒಂದೇ: ಉತ್ತರ ಹೇಳುವವರು ಯಾವ ಪುಸ್ತಕ, ಎಷ್ಟನೇ ಪುಟ ಅಂತಲೂ ಹೇಳಬೇಕು. ಮೊದಲು ಎಲ್ಲರೂ ಒಂದನೇ ಪುಟದಿಂದ ಓದತೊಡಗಿದರು. ಪರಿವಿಡಿ ನೋಡೋದು ಹೇಗೆ ಅಂತ ಕಲಿಸಿದ್ದು ಆಗಲೇ. ಅದನ್ನು ಬೇರೆ ಪಾಠ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಎರಡು ಕೇರೆಹಾವು ಹೆಣೆದುಕೊಂಡು ನಿಂತರೆ ಅದು ಸಾಮಾನ್ಯವಾಗಿ ಗಂಡುಗಳ ಕುಸ್ತಿ ಅಂತ ಗೊತ್ತಾದಾಗ ಕ್ಲಾಸು ಗೊಳ್ಳೆಂದು ನಕ್ಕಿತು.

ನಿಜವಾದ ಪಾಠ ಆಮೇಲೆ ಬಂತು. ಹಾವು ಕಚ್ಚಿದರೆ ಮೇಲೆ ಬಿಗಿಯಾಗಿ ಹಗ್ಗ ಕಟ್ಟಿ, ಗಾಯ ಕೊಯ್ದು ರಕ್ತ ತೆಗೆಯಿರಿ ಅಂತ ಒಂದು ಪುಸ್ತಕ. ಕಟ್ಟಬೇಡಿ, ಕೊಯ್ಯಬೇಡಿ, ಕೈಕಾಲು ಅಲ್ಲಾಡಿಸದೆ ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ ಅಂತ ಇನ್ನೊಂದು. ಯಾವುದು ಸರಿ ಮೇಡಂ? ಮೊದಲ ಪುಟ ತಿರುಗಿಸಿ, ಯಾವ ವರ್ಷ ಅಚ್ಚಾಗಿದೆ ನೋಡಿ ಅಂದೆ. ಕೊಯ್ಯಿರಿ ಅಂದದ್ದು ಅವರ ಅಪ್ಪ ಅಮ್ಮನಿಗಿಂತ ಹಳೇ ಪುಸ್ತಕ. ಆರೋಗ್ಯ ಕೇಂದ್ರದ ನರ್ಸ್ ಶಾಲೆಗೆ ಬಂದಾಗ ಮಕ್ಕಳೇ ಕೇಳಿ ಖಾತ್ರಿ ಮಾಡಿಕೊಂಡರು: ಹೊಸದೇ ಸರಿ. ಅಚ್ಚಾದದ್ದೆಲ್ಲ ನಿಜ ಅಲ್ಲ, ಇನ್ನೊಂದು ಕಡೆ ನೋಡಬೇಕು ಅನ್ನೋದನ್ನು ಒಂದೇ ಪಠ್ಯಪುಸ್ತಕ ಇಟ್ಟುಕೊಂಡು ಕಲಿಸೋಕಾಗಲ್ಲ. ಸಮಾಜದವರು ಊರಿನ ಕೆರೆ, ಗಣಿತದವರು ಒಗಟು, ಹೀಗೆ ವರ್ಷಕ್ಕೆರಡು ಪಾಠ ಬೀರುವಿನಿಂದ ಮಾಡಲಿ. ಹಿಂದಿನ ದಿನವೇ ಪುಸ್ತಕ ತೆಗೆದಿಡಿ, ಇಲ್ಲದಿದ್ದರೆ ಹುಡುಕೋದರಲ್ಲೇ ಬೆಲ್ ಹೊಡೆಯುತ್ತೆ.

ಪುಸ್ತಕ ಕೊಳ್ಳುವ ಅವಕಾಶ ಸಿಕ್ಕರೆ (ಕೆಲವು ಸಲ ದುಡ್ಡಿನ ಬದಲು ಬಂಡಲ್ಲೇ ಬರುತ್ತೆ, ಬೇರೆ ಮಾತು) ಮಹಾಪುರುಷರ ಚರಿತ್ರೆ ಇನ್ನೂ ಕೊಳ್ಳಬೇಡಿ. ಅವು ಎಲ್ಲ ಶಾಲೆಯಲ್ಲೂ ರಾಶಿ ಇವೆ. ಮಕ್ಕಳಿಗೆ ಬೇಕಾದ್ದು ದೆವ್ವ, ಒಗಟು, ಕ್ರಿಕೆಟ್, ಪ್ರಾಣಿ, ಪ್ರಯೋಗ. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ಪ್ರಥಮ್ ಬುಕ್ಸ್, ನವಕರ್ನಾಟಕ ನೋಡಿ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ಹಾಕಿಕೊಳ್ಳಬಹುದು.

ಊರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೂ ಒಮ್ಮೆ ಕ್ಲಾಸನ್ನೇ ಕರೆದುಕೊಂಡು ಹೋಗಿ. ಈಗ ಅದನ್ನು ಅರಿವು ಕೇಂದ್ರ ಅಂತಾರೆ. 2020ರ ನವೆಂಬರ್ 14ಕ್ಕೆ ಶುರುವಾದ "ಓದುವ ಬೆಳಕು" ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ ಮಾಡಿದ್ದಾರೆ. ಅಲ್ಲಿಯ ಮೇಲ್ವಿಚಾರಕರಿಗೂ ಮಕ್ಕಳು ಬಂದರೆ ಖುಷಿ.

ಕೊನೆಗೆ ಬೇಸಿಗೆ ರಜೆ. ಏಪ್ರಿಲ್‌ನಲ್ಲಿ ಎಲ್ಲರೂ ಪುಸ್ತಕ ವಾಪಸ್ ತರಿಸಿ ಒಳಗಿಡುತ್ತಾರೆ. ಮಕ್ಕಳಿಗೆ ಪುರುಸೊತ್ತು ಇರೋದೇ ಆಗ, ಅಲ್ವಾ? ಪರೀಕ್ಷೆ ಮುಗಿದ ದಿನ ಒಬ್ಬೊಬ್ಬರಿಗೆ ಎರಡು ಪುಸ್ತಕ ಕೊಡಿ, ಒಂದೇ ಬೀದಿಯವರಿಗೆ ಬೇರೆ ಬೇರೆ ಕೊಡಿ, ಅವರೇ ಅದಲು ಬದಲು ಮಾಡಿಕೊಳ್ಳುತ್ತಾರೆ. ಎಚ್‌.ಎಂ. ಒಪ್ಪದಿದ್ದರೆ ಈ ವರ್ಷ ಐದು, ಆರನೇ ತರಗತಿಯವರಿಗಷ್ಟೇ ಕೊಟ್ಟು ನೋಡಿ. ಏಳನೆಯವರು ಟಿ.ಸಿ. ತಗೊಂಡು ಹೈಸ್ಕೂಲಿಗೆ ಹೋಗುತ್ತಾರೆ, ಅವರ ಹತ್ತಿರ ವಸೂಲಿ ಕಷ್ಟ.