ಆ ನಡುಗಡ್ಡೆಗೆ ಇಳಿಯಲೇಬೇಕಿತ್ತಾ?

ಹಾವೇರಿಯ ಓದುಗರೊಬ್ಬರು ಸಿಟ್ಟಿನಲ್ಲಿ ಬರೆದಿದ್ದಾರೆ. ಏಪ್ರಿಲ್‌ನಲ್ಲಿ ಮನೆಮಂದಿಯೆಲ್ಲ ಲಕ್ಕವಳ್ಳಿಗೆ ಹೋಗಿದ್ದರಂತೆ. ಭದ್ರಾ ಹಿನ್ನೀರಿನ ನಡುಗಡ್ಡೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆ ಇಟ್ಟಿದ್ದವು. ಹತ್ತು ನಿಮಿಷ ಇಳೀತೀವಿ ಅಂದರೂ ದೋಣಿಯವರು ಬಿಡಲಿಲ್ಲ. ‘ರೊಕ್ಕ ಕೊಟ್ಟು ದೂರದಿಂದ ನೋಡಿ ಬರಬೇಕಾ? ಅಲ್ಲೊಂದು ಕಟ್ಟೆ, ನಾಲ್ಕು ಬೆಂಚು ಹಾಕಿದರೆ ಊರವರಿಗೂ ದುಡಿಮೆ. ಇದನ್ನು ನೀವು ಬರೆಯಿರಿ’ ಎಂದಿದ್ದಾರೆ.

ದುಡಿಮೆಯ ಮಾತು ಒಪ್ಪಿದೆ. ಆದರೆ ಸ್ವಾಮಿ, ದೋಣಿ ನಡೆಯುವುದೇ ಆ ಹಕ್ಕಿಗಳಿಂದ ಅಲ್ವಾ?

ಇವು ಕಡಲ ಹಕ್ಕಿಗಳ ಬಳಗದವು, ಬಾಳುವುದು ಮಾತ್ರ ಸಿಹಿನೀರಿನಲ್ಲಿ. ಬೇಸಿಗೆಗೆ ನೀರು ಇಳಿದಾಗ ಆ ದಿಬ್ಬಗಳು ಮೇಲೆ ಬರುತ್ತವೆ. ಗೂಡು ಅಂತ ಏನೂ ಕಟ್ಟುವುದಿಲ್ಲ. ಬರೀ ನೆಲದಲ್ಲಿ ಸಣ್ಣ ಕುಳಿ, ಅದರಲ್ಲಿ ಎರಡೋ ಮೂರೋ ಮೊಟ್ಟೆ. ಜಲ್ಲಿಕಲ್ಲಿನದೇ ಬಣ್ಣ, ಹಾಗಾಗಿ ಕಾಲಡಿ ಬಂದರೂ ಗೊತ್ತಾಗುವುದಿಲ್ಲ. ಹುಷಾರಾಗಿ ನಡೆದಿರಿ ಅಂತಲೇ ಇಟ್ಟುಕೊಳ್ಳಿ. ನಿಮ್ಮನ್ನು ಕಂಡು ತಾಯಿ ಎದ್ದು ಹಾರುತ್ತದೆ. ಆ ಬಿಸಿಲಿಗೆ ಮೊಟ್ಟೆಗೆ ನೆರಳು ಅದರ ಮೈಯೇ. ಹತ್ತು ನಿಮಿಷ ಬೆಂದರೆ ಒಳಗಿನ ಜೀವ ಉಳಿಯುವುದು ಕಷ್ಟ. ಕಾಗೆಗೆ ಅಷ್ಟು ಹೊತ್ತೂ ಬೇಕಿಲ್ಲ. ಜಗತ್ತಿನ ಜೀವಿಗಳ ಅಳಿವು-ಉಳಿವಿನ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆ ಈ ಹಕ್ಕಿಯನ್ನು ಅಪಾಯದಲ್ಲಿರುವವುಗಳ ಪಟ್ಟಿಗೆ ಸೇರಿಸಿದೆ. ನದಿದಂಡೆಯ ಮರಳಿನಲ್ಲಿ ಮೊಟ್ಟೆ ಇಡುತ್ತಿದ್ದ ಹಕ್ಕಿಗೆ ಮರಳನ್ನೂ ನಾವು ಬಿಟ್ಟಿಲ್ಲ.

ಪಕ್ಷಿತಜ್ಞ ಸಲೀಂ ಅಲಿ ಮೈಸೂರಿನ ಅರಸರಿಗೆ ಹೇಳಿ 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಿಸಿದರು. ಅಲ್ಲಿ ಇಂದಿಗೂ ದೋಣಿಯಲ್ಲೇ ಕುಳಿತು ನೋಡಿ ಬರುತ್ತೇವೆ. ಯಾರಿಗೂ ಅವಮಾನ ಆದಂತಿಲ್ಲ. ಅಷ್ಟು ದೂರ ಯಾಕೆ, ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿ. ಚಳಿಗಾಲಕ್ಕೆ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲ ಹೊಲಗಳಲ್ಲೇ ಮೇಯುತ್ತವೆ. ಬೆಳೆ ಹೋಗುವುದು ರೈತರದ್ದು. 2024ರಲ್ಲಿ ಮಾಗಡಿಗೆ ರಾಮ್ಸರ್ ಪಟ್ಟ, ಅಂದರೆ ಜಗತ್ತಿನ ಮಹತ್ವದ ಕೆರೆ-ಜೌಗುಗಳ ಪಟ್ಟಿಯಲ್ಲಿ ಜಾಗ, ಬಂತು. ಫಲಕದ ಮುಂದೆ ಫೋಟೋ ತೆಗೆಸಿಕೊಂಡ ನಮಗಿಂತ ಅದು ಜಾಸ್ತಿ ಸಲ್ಲಬೇಕಾದದ್ದು ಆ ರೈತರಿಗೆ.

ನಿಮ್ಮೊಬ್ಬರನ್ನೇ ಬೈದು ಏನು ಪ್ರಯೋಜನ? ಹುಬ್ಬಳ್ಳಿ-ಧಾರವಾಡದಲ್ಲಿ ಕೆರೆ ಅಂದರೆ ಮೊದಲು ನೆನಪಾಗುವುದು ಪೇವರ್ಸ್, ಕಾರಂಜಿ, ಬಣ್ಣದ ದೀಪ. ದಂಡೆಯ ಜೊಂಡು ಕಿತ್ತು ಸಿಮೆಂಟ್ ಮೆತ್ತುತ್ತಾರೆ, ಗಟಾರದ ನೀರು ಮಾತ್ರ ಸುಮ್ನೆ ಒಳಗೆ ಬರುತ್ತಲೇ ಇರುತ್ತದೆ. ಟೆಂಡರ್‌ನಲ್ಲಿ ಬೆಂಚಿಗೆ ದರ ಇದೆ, ಜೊಂಡಿಗೆ ಇಲ್ಲ. ಅದಕ್ಕೇ ಇನ್ನೊಂದು ಬೆಂಚಿಗೆ ನಾನು ಶಿಫಾರಸು ಬರೆಯುವುದಿಲ್ಲ.

ಅಂದಹಾಗೆ, ಪತ್ರದ ಜೊತೆ ನೀವು ಕಳಿಸಿದ ಫೋಟೋ ಈ ಪುಟದಲ್ಲೇ ಇದೆ. ಮೀನು ಕಚ್ಚಿಕೊಂಡ ತಾಯಿ, ಬಾಯಿ ತೆರೆದ ಮರಿ, ಎರಡೂ ಸ್ಪಷ್ಟ. ದೋಣಿಯಿಂದಲೇ ತೆಗೆದದ್ದಲ್ವಾ?